ಹೊರೆಯಿಂದ ಹಿಂದಕ್ಕೆ ಲೆಕ್ಕ: ರಾಕಿ ಪರ್ವತಗಳಲ್ಲಿ ಗೈಡ್ ಇಲ್ಲದ ಎಲ್ಕ್ ಬೇಟೆಗೆ ಸಿದ್ಧತೆ

ಜಿಂಕೆ ಜಾತಿಯ ದೊಡ್ಡ ಪ್ರಾಣಿಯಾದ ಎಲ್ಕ್‌ನ ಬಲಿತ ಗಂಡು ಸುಮಾರು 300 ಕಿಲೋ ತೂಗುತ್ತದೆ. ತಲೆ, ಚರ್ಮ, ಒಳಾಂಗ, ಮೂಳೆಗಳನ್ನೆಲ್ಲ ಬಿಟ್ಟು ಬರೀ ಮಾಂಸವನ್ನು ಲೆಕ್ಕ ಹಿಡಿದರೂ 90ರಿಂದ 110 ಕಿಲೋ ಉಳಿಯುತ್ತದೆ. ಒಬ್ಬಂಟಿ ಬೇಟೆಗಾರನೊಬ್ಬ ತನ್ನ ವಾಹನದಿಂದ ಐದು ಕಿಲೋಮೀಟರ್ ದೂರದಲ್ಲಿ ಅದನ್ನು ಹೊಡೆದು ಕೆಡವಿದನೆಂದುಕೊಳ್ಳೋಣ. ಒಂದು ಹೊರೆಗೆ 25 ಕಿಲೋದಂತೆ ನಾಲ್ಕು ಹೊರೆಯಾಗುತ್ತದೆ. ಹೊತ್ತು ಇಳಿಯುವುದು ನಾಲ್ಕು ಸಲ, ಬರಿಯ ಚೀಲದೊಂದಿಗೆ ಮತ್ತೆ ಹತ್ತುವುದು ಮೂರು ಸಲ, ಒಟ್ಟು 35 ಕಿಲೋಮೀಟರ್ ನಡಿಗೆ. ಅದೂ ಸಮತಟ್ಟಾದ ದಾರಿಯಲ್ಲಲ್ಲ. ಉರುಳಿಬಿದ್ದ ಮರಗಳು ಅಡ್ಡಾದಿಡ್ಡಿಯಾಗಿ ಹರಡಿರುವ ಇಳಿಜಾರಿನಲ್ಲಿ, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಸಾವಿರ ಮೀಟರ್ ಎತ್ತರದಲ್ಲಿ.

ಅಮೆರಿಕದಲ್ಲಿ ‘ಡಿಐವೈ’ ಎಂದು ಕರೆಸಿಕೊಳ್ಳುವ, ಅಂದರೆ ಗೈಡ್, ಕುದುರೆ, ಅಡುಗೆಯವರು ಯಾರನ್ನೂ ಗೊತ್ತುಮಾಡಿಕೊಳ್ಳದೆ ತಾನೇ ಎಲ್ಲವನ್ನೂ ನಡೆಸಿಕೊಳ್ಳುವ ಬೇಟೆಯ ಸಿದ್ಧತೆ ಈ ಲೆಕ್ಕದಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಹೊಸಬರು ಸಾಮಾನ್ಯವಾಗಿ ಬಂದೂಕಿನಿಂದ ಶುರುಮಾಡುತ್ತಾರೆ. ಯಾವ ಕ್ಯಾಲಿಬರ್ (ನಳಿಗೆಯ ಒಳ ಅಳತೆ), ಯಾವ ದುರ್ಬೀನು ಎಂಬ ಚರ್ಚೆಯಲ್ಲೇ ಬೇಸಿಗೆ ಕಳೆಯುತ್ತದೆ. ಆದರೆ ರಸ್ತೆಯಿಂದ ಎಷ್ಟು ದೂರ ಹೋಗಬಹುದು, ಯಾವ ಋತುವಿನಲ್ಲಿ ಹೋಗಬೇಕು, ಜೊತೆಗೆ ಎಷ್ಟು ಜನ ಬೇಕು, ದೇಹವನ್ನು ಹೇಗೆ ಪಳಗಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು ಆ ಹೊರೆಯಿಂದ ಹಿಂದಕ್ಕೆ ಎಣಿಸುತ್ತ ಬಂದಾಗ. ಜೊತೆಗೆ ಇನ್ನೊಬ್ಬರಿದ್ದರೆ ಮೇಲಿನ 35 ಕಿಲೋಮೀಟರ್ ತಲಾ 15ಕ್ಕೆ ಇಳಿಯುತ್ತದೆ. ಗೆಳೆಯರಲ್ಲಿ ಒಬ್ಬರನ್ನು ಒಪ್ಪಿಸಿ ಕರೆದೊಯ್ಯುವುದಕ್ಕಿಂತ ದೊಡ್ಡ ಸಿದ್ಧತೆ ಬೇರೊಂದಿಲ್ಲ.

ಎಲ್ಕ್ ಎಂದರೆ ಕನ್ನಡಿಗರು ಕಣ್ಣಮುಂದೆ ತಂದುಕೊಳ್ಳಬಹುದಾದದ್ದು ನಮ್ಮ ಕಡವೆಯನ್ನು. ಗಾತ್ರದಲ್ಲಿ ದೊಡ್ಡ ಕಡವೆಗೂ ಇದಕ್ಕೂ ಅಂಥ ಅಂತರವಿಲ್ಲ. ಆದರೆ ರಕ್ತಸಂಬಂಧದಲ್ಲಿ ಇದು ಕಾಶ್ಮೀರದ ಹಂಗುಲ್‌ಗೆ ಹೆಚ್ಚು ಹತ್ತಿರ. ಅಮೆರಿಕದ ಮೂಲನಿವಾಸಿಗಳಾದ ಶಾನೀ ಬುಡಕಟ್ಟಿನವರು ಇದನ್ನು ‘ವಾಪಿಟಿ’ ಎಂದರು, ಬಿಳಿಯ ಪೃಷ್ಠದ್ದು ಎಂಬ ಅರ್ಥದಲ್ಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಶಿಕಾರಿಯೆಂಬುದು ಮಲೆನಾಡಿನ ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿರುವುದರಿಂದ, ಅಲ್ಲಿ ಇದು ಕಾನೂನುಬದ್ಧವಾಗಿರುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಅಂಕೆಯಿಲ್ಲದ ಬೇಟೆಯಿಂದ 20ನೆಯ ಶತಮಾನದ ಆರಂಭಕ್ಕೆ ಅಲ್ಲಿಯೂ ಎಲ್ಕ್ ಅಳಿವಿನ ಅಂಚಿಗೆ ಬಂದಿತ್ತು. ಕೊಲರಾಡೊ ರಾಜ್ಯವು ವಯೋಮಿಂಗ್‌ನಿಂದ ಪ್ರಾಣಿಗಳನ್ನು ತರಿಸಿ ಬಿಡಬೇಕಾಯಿತು. ಈಗ ಅದೇ ಕೊಲರಾಡೊದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ; ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಲೈಸೆನ್ಸ್ ಶುಲ್ಕ ಮತ್ತು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲೆ ಬೀಳುವ ತೆರಿಗೆಯ ಹಣ ವನ್ಯಜೀವಿ ನಿರ್ವಹಣೆಗೆ ಹೋಗುತ್ತದೆ. ಎಷ್ಟು ಪ್ರಾಣಿಗಳನ್ನು, ಯಾವ ಘಟಕದಲ್ಲಿ, ಯಾವ ವಾರ ಹೊಡೆಯಬಹುದೆಂಬುದನ್ನು ರಾಜ್ಯವೇ ನಿಗದಿಪಡಿಸುತ್ತದೆ.

ಹಾಗಾಗಿ ಮೊದಲ ಕೆಲಸ ಕಾಗದಪತ್ರದ್ದು, ಅದೂ ಬೇಟೆಗೆ ಆರು ತಿಂಗಳು ಮುಂಚೆ. ಕೊಲರಾಡೊವನ್ನೇ ಉದಾಹರಣೆಗೆ ತೆಗೆದುಕೊಂಡರೆ, ರಾಜ್ಯವು ಸಂಖ್ಯೆಗಳಿಂದ ಗುರುತಿಸಿದ ಬೇಟೆ ಘಟಕಗಳಾಗಿ ಹಂಚಿಹೋಗಿದೆ. ಒಳ್ಳೆಯ ಘಟಕಗಳ ಲೈಸೆನ್ಸ್‌ಗೆ ಏಪ್ರಿಲ್ ಆರಂಭದೊಳಗೆ ಅರ್ಜಿ ಹಾಕಿ ಲಾಟರಿಗೆ ಕಾಯಬೇಕು. ಸಿಗದವರಿಗೆ ಒಂದು ಪ್ರಿಫರೆನ್ಸ್ ಪಾಯಿಂಟ್ ಸಿಗುತ್ತದೆ. ವರ್ಷವರ್ಷವೂ ಅದು ಕೂಡುತ್ತ ಹೋದಂತೆ ಸರದಿ ಮುಂದಕ್ಕೆ ಬರುತ್ತದೆ. ಇದಲ್ಲದೆ ಅಕ್ಟೋಬರ್ ಕೊನೆಯ ಮತ್ತು ನವೆಂಬರ್‌ನ ಎರಡು ರೈಫಲ್ ಅವಧಿಗಳಿಗೆ ಅನೇಕ ಘಟಕಗಳಲ್ಲಿ ಗಂಡು ಎಲ್ಕ್ ಲೈಸೆನ್ಸ್ ಅಂಗಡಿಯಲ್ಲಿ ನೇರವಾಗಿ ಸಿಗುತ್ತದೆ. ಬಿಲ್ಲುಬೇಟೆಗೂ ಹೀಗೆಯೇ ಸಿಗುತ್ತಿತ್ತು. ಆದರೆ ರಾಜ್ಯದ ಪಶ್ಚಿಮ ಭಾಗದಲ್ಲಿ ಹೊರರಾಜ್ಯದವರಿಗೆ 2025ರಿಂದ ಆ ಸೌಲಭ್ಯ ನಿಂತಿದೆ. ನಿಯಮಪುಸ್ತಕ ಪ್ರತಿವರ್ಷ ಬದಲಾಗುವುದರಿಂದ ಕಳೆದ ವರ್ಷದ ಗೆಳೆಯನ ಮಾತನ್ನು ನಂಬಿ ಹೊರಡುವಂತಿಲ್ಲ. ಹೊರರಾಜ್ಯದವರಿಗೆ ಎಲ್ಕ್ ಲೈಸೆನ್ಸ್ ಸುಮಾರು 800 ಡಾಲರ್. ರಾಜ್ಯದ ನಿವಾಸಿಗಳಿಗೆ ಅದರ ಹತ್ತರಲ್ಲೊಂದು ಭಾಗವೂ ಇಲ್ಲ. 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರೆಲ್ಲರೂ ಬೇಟೆಗಾರರ ಶಿಕ್ಷಣದ ಕೋರ್ಸ್ ಮುಗಿಸಿದ ಪ್ರಮಾಣಪತ್ರ ತೋರಿಸಬೇಕು.

ಎಚ್-1ಬಿಯಂಥ ವೀಸಾದ ಮೇಲೆ ಅಲ್ಲಿರುವ ನಮ್ಮವರು ಇಲ್ಲಿ ಒಂದು ಮಾತನ್ನು ಗಮನಿಸಲೇಬೇಕು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ವಲಸೆಯೇತರ ವೀಸಾದವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಇಟ್ಟುಕೊಳ್ಳುವುದು ಅಪರಾಧ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಆದ್ದರಿಂದ ಗೆಳೆಯರೊಂದಿಗೆ ಗುರಿ ಅಭ್ಯಾಸಕ್ಕೆ ಹೋಗುವ ಮುನ್ನವೇ ಲೈಸೆನ್ಸ್ ಆಗಿರಬೇಕು, ಅದರ ಅವಧಿ ಮುಗಿದ ದಿನದ ಬಗ್ಗೆಯೂ ಎಚ್ಚರವಿರಬೇಕು. ವೀಸಾದ ಮೇಲೆ ಪರಿಣಾಮ ಬೀರುವ ವಿಷಯವಾದ್ದರಿಂದ ಒಬ್ಬ ವಕೀಲರನ್ನು ಕೇಳಿಕೊಂಡರೆ ದುಡ್ಡು ದಂಡವಾಗುವುದಿಲ್ಲ. ಗೈಡ್ ಇಲ್ಲದೆ ಹೋಗುವವರಿಗೆ ವಯೋಮಿಂಗ್‌ನಲ್ಲಿ ಇನ್ನೊಂದು ತೊಡಕಿದೆ: ಅಲ್ಲಿ ಕೇಂದ್ರ ಸರ್ಕಾರ ‘ವೈಲ್ಡರ್‌ನೆಸ್’ ಎಂದು ಘೋಷಿಸಿದ ಕಾಡುಗಳಲ್ಲಿ ಹೊರರಾಜ್ಯದವರು ಗೈಡ್ ಅಥವಾ ಸ್ಥಳೀಯ ನಿವಾಸಿಯೊಬ್ಬರ ಜೊತೆಯಿಲ್ಲದೆ ದೊಡ್ಡ ಪ್ರಾಣಿಗಳ ಬೇಟೆಯಾಡುವಂತಿಲ್ಲ.

ಲೈಸೆನ್ಸ್ ಖಾತ್ರಿಯಾದ ಮೇಲೆ ನಕ್ಷೆಯ ಕೆಲಸ. ಕೊಲರಾಡೊದ ಮೂರನೇ ಒಂದು ಭಾಗಕ್ಕೂ ಹೆಚ್ಚು ನೆಲ ಕೇಂದ್ರ ಸರ್ಕಾರದ್ದು. ರಾಷ್ಟ್ರೀಯ ಅರಣ್ಯಗಳಲ್ಲಿ ಯಾರು ಬೇಕಾದರೂ ಡೇರೆ ಹಾಕಿ ಬೇಟೆಯಾಡಬಹುದು. ಆದರೆ ನಡುನಡುವೆ ಖಾಸಗಿ ರ‍್ಯಾಂಚ್‌ಗಳಿವೆ, ಬೇಲಿ ಇಲ್ಲದ ಗಡಿಗಳಿವೆ. ವಯೋಮಿಂಗ್‌ನಲ್ಲಂತೂ 1860ರ ದಶಕದಲ್ಲಿ ರೈಲ್ವೆ ಕಂಪನಿಗೆ ಒಂದು ಬಿಟ್ಟು ಒಂದು ಚೌಕದಂತೆ ಭೂಮಿ ಹಂಚಿದ್ದರಿಂದ ನಕ್ಷೆಯೇ ಚದುರಂಗದ ಹಲಗೆಯಾಗಿದೆ. ಒಂದು ಸರ್ಕಾರಿ ಚೌಕದ ಮೂಲೆಯಿಂದ ಇನ್ನೊಂದರ ಮೂಲೆಗೆ ಖಾಸಗಿ ನೆಲವನ್ನು ತುಳಿಯದೆ ದಾಟಿದರೆ ಅತಿಕ್ರಮಣವೇ ಎಂಬ ಪ್ರಶ್ನೆ 2021ರಲ್ಲಿ ಎಲ್ಕ್ ಮೌಂಟನ್ ಎಂಬಲ್ಲಿ ನಾಲ್ವರು ಬೇಟೆಗಾರರಿಂದ ಎದ್ದಿತು; 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಭೂಮಾಲೀಕತ್ವವನ್ನು ಬಣ್ಣಗಳಲ್ಲಿ ತೋರಿಸುವ ಆನ್‌ಎಕ್ಸ್‌ನಂಥ ಆ್ಯಪ್‌ಗಳನ್ನು ಇಳಿಸಿಕೊಂಡು, ಮೊಬೈಲ್ ಸಂಪರ್ಕವಿಲ್ಲದಾಗಲೂ ತೆರೆಯುವಂತೆ ನಕ್ಷೆಗಳನ್ನು ಮೊದಲೇ ಉಳಿಸಿಟ್ಟುಕೊಳ್ಳಬೇಕು. ಕಾಗದದ ನಕ್ಷೆ ಮತ್ತು ದಿಕ್ಸೂಚಿ ಚೀಲದಲ್ಲಿರಲೇಬೇಕು, ಚಳಿಗೆ ಫೋನಿನ ಬ್ಯಾಟರಿ ನೋಡನೋಡುತ್ತಿದ್ದಂತೆ ಇಳಿಯುತ್ತದೆ.

ಗಡಿಗಳನ್ನು ತಿಳಿದ ಮೇಲೆ ನಕ್ಷೆಯಲ್ಲಿ ಹುಡುಕಬೇಕಾದದ್ದು ಪ್ರಾಣಿಯ ದಿನಚರಿಯನ್ನು. ಎಲ್ಕ್ ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಹುಲ್ಲು ಬಯಲಿಗೆ ಬಂದು ಮೇಯುತ್ತದೆ. ಬಿಸಿಲೇರುತ್ತಿದ್ದಂತೆ ದಟ್ಟ ಮರಗಳ ನೆರಳಿಗೆ ಸರಿದು ಮಲಗಿ ಮೆಲುಕು ಹಾಕುತ್ತದೆ. ಉತ್ತರಕ್ಕೆ ಮುಖಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ ಬೀಳುವುದರಿಂದ ಅಲ್ಲಿ ತೇವ ಉಳಿದು ಸ್ಪ್ರೂಸ್, ಫರ್ ಮರಗಳು ಒತ್ತಾಗಿ ಬೆಳೆಯುತ್ತವೆ. ದಕ್ಷಿಣದ ಇಳಿಜಾರು ಹುಲ್ಲು, ಕುರುಚಲುಗಳಿಂದ ತೆರೆದಿರುತ್ತದೆ. ಹಾಗಾಗಿ ಒಂದು ಏಣಿನ, ಅಂದರೆ ಬೆಟ್ಟದ ಉದ್ದನೆಯ ನೆತ್ತಿಯ, ಎರಡು ಮಗ್ಗುಲಲ್ಲಿ ಊಟದ ಮನೆ, ಮಲಗುವ ಮನೆ ಎರಡೂ ಸಿಗುತ್ತವೆ; ನಡುವೆ ಏಣು ತಗ್ಗಿದ ಜಾಗವೇ ಬಾಗಿಲು. ಮಲಗುವ ತಾಣಗಳು ಬಹಳ ಸಲ ಇಳಿಜಾರಿನ ನಡುವೆ ಮೆಟ್ಟಿಲಿನಂತೆ ಚಾಚಿಕೊಂಡ ಸಮತಟ್ಟಿನಲ್ಲಿರುತ್ತವೆ. ನಕ್ಷೆಯ ಎತ್ತರದ ರೇಖೆಗಳು ಇದ್ದಕ್ಕಿದ್ದಂತೆ ದೂರ ಸರಿದು ಮತ್ತೆ ಒತ್ತಾಗುವ ಕಡೆ ಇವನ್ನು ಗುರುತಿಸಬಹುದು. ವಾಹನ ಓಡಾಡುವ ರಸ್ತೆಗಳಿಂದ ಎಲ್ಕ್ ದೂರ ಸರಿಯುತ್ತದೆಂಬುದು ಆರೆಗನ್ ರಾಜ್ಯದ ಸ್ಟಾರ್ಕಿ ಸಂಶೋಧನಾ ಅರಣ್ಯದ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಆದರೆ ದೂರ ಎಂದರೆ ಕೇವಲ ಕಿಲೋಮೀಟರ್ ಅಲ್ಲ. ರಸ್ತೆಗೆ ಒಂದೂವರೆ ಕಿಲೋಮೀಟರ್ ಹತ್ತಿರವೇ ಇದ್ದರೂ ಯಾರೂ ಇಳಿಯಲು ಬಯಸದ ಕಡಿದಾದ ಕೊಳ್ಳವೊಂದು, ಎಲ್ಲರೂ ನಡೆಯುವ ಕಾಲ್ದಾರಿಯ ಎಂಟನೇ ಕಿಲೋಮೀಟರಿಗಿಂತ ಒಳ್ಳೆಯದು. ಇಲ್ಲಿಯೂ ಹೊರೆಯ ಲೆಕ್ಕವೇ ನೆರವಿಗೆ ಬರುತ್ತದೆ: ಬೇಟೆಯ ಜಾಗ ರಸ್ತೆಗಿಂತ ಮೇಲಿದ್ದರೆ ಹೊರೆ ಇಳಿಯುತ್ತದೆ, ಕೆಳಗಿದ್ದರೆ ಅಷ್ಟೂ ಮಾಂಸವನ್ನು ಹತ್ತಿಸಬೇಕು. ನಕ್ಷೆಯ ಮೇಲೆ ಐದಾರು ಇಂಥ ಜಾಗಗಳನ್ನು ಗುರುತುಮಾಡಿ, ಮೊದಲನೆಯದು ಬರಿದಾಗಿದ್ದರೆ ಎರಡನೆಯದು ಎಂಬಂತೆ ಯೋಜಿಸಿಕೊಳ್ಳಬೇಕು. ತಾಜಾ ಹಿಕ್ಕೆ, ಹೆಜ್ಜೆ, ಕೊಂಬು ಉಜ್ಜಿ ತೊಗಟೆ ಸುಲಿದ ಮರಗಳು ಇಲ್ಲದ ಕಡೆ ಎರಡು ದಿನಕ್ಕಿಂತ ಹೆಚ್ಚು ಕೂರುವುದು ಹಠವಾಗುತ್ತದೆಯೇ ಹೊರತು ತಾಳ್ಮೆಯಾಗುವುದಿಲ್ಲ.

ಜಾಗಕ್ಕಿಂತಲೂ ಹೆಚ್ಚಾಗಿ ಬೇಟೆಯನ್ನು ಕೆಡಿಸುವುದು ಗಾಳಿ. ಕಣ್ಣಿಗೆ ಬಿದ್ದದ್ದನ್ನು, ಕಿವಿಗೆ ಕೇಳಿದ್ದನ್ನು ಎಲ್ಕ್ ಒಮ್ಮೊಮ್ಮೆ ನಿಂತು ಮತ್ತೆ ಪರೀಕ್ಷಿಸುತ್ತದೆ. ಮೂಗಿಗೆ ಮನುಷ್ಯನ ವಾಸನೆ ಬಡಿದರೆ ಮರುಮಾತಿಲ್ಲ, ಇಡೀ ಹಿಂಡು ಇನ್ನೊಂದು ಕಣಿವೆಗೆ ಹೋಗಿಬಿಡುತ್ತದೆ. ಬೆಟ್ಟದ ಗಾಳಿಗೆ ತನ್ನದೇ ಆದ ದಿನಚರಿ ಇದೆ. ರಾತ್ರಿಯೆಲ್ಲ ತಣ್ಣಗಾದ ಗಾಳಿ ಭಾರವಾಗಿ, ನೀರಿನಂತೆ ಹಳ್ಳಗಳ ಗುಂಟ ಕೆಳಕ್ಕೆ ಹರಿಯುತ್ತದೆ. ಬಿಸಿಲು ಇಳಿಜಾರನ್ನು ಕಾಯಿಸಿದ ಮೇಲೆ ಹಗುರಾಗಿ ಮೇಲಕ್ಕೇರುತ್ತದೆ. ಸಂಜೆ ನೆರಳು ಕವಿಯುತ್ತಿದ್ದಂತೆ ಮತ್ತೆ ಇಳಿಯತೊಡಗುತ್ತದೆ. ಇದನ್ನು ಕಣ್ಣಾರೆ ಕಾಣಲು ಬೇಟೆಗಾರರು ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಯಲ್ಲಿ ವಾಸನೆಯಿಲ್ಲದ ನುಣ್ಣನೆಯ ಪುಡಿ ಇಟ್ಟುಕೊಳ್ಳುತ್ತಾರೆ. ಬೆಳಗಿನ ಆರಕ್ಕೆ ಒತ್ತಿದರೆ ಬಿಳಿಯ ಹೊಗೆಯಂತೆ ಹೊಮ್ಮಿದ ಪುಡಿ ಮೊಣಕಾಲೆತ್ತರದಲ್ಲಿ ತೇಲುತ್ತ ಕೆಳಗಿನ ಹಳ್ಳದತ್ತ ಜಾರುತ್ತದೆ. ಒಂಬತ್ತರ ಸುಮಾರಿಗೆ ಅದೇ ಪುಡಿ ಎತ್ತ ಹೋಗಲೆಂದು ತಿಳಿಯದಂತೆ ನಿಂತಲ್ಲೇ ಸುಳಿಯುತ್ತದೆ. ಆ ಅರ್ಧ ಗಂಟೆ ಅತ್ಯಂತ ಅಪಾಯದ್ದು, ಸುಮ್ಮನೆ ಕೂತಿರುವುದೇ ಲೇಸು. ಹತ್ತರ ಮೇಲೆ ಪುಡಿ ಮುಖವನ್ನು ಸವರಿಕೊಂಡು ಏಣಿನತ್ತ ಏರುತ್ತದೆ. ಈ ಕ್ರಮ ತಿಳಿದವನು ಬೆಳಿಗ್ಗೆ ಮೇಯುವ ಹಿಂಡನ್ನು ಕೆಳಗಿನಿಂದ ಸಮೀಪಿಸುತ್ತಾನೆ, ಮಧ್ಯಾಹ್ನ ಮಲಗಿದ್ದನ್ನು ಮೇಲಿನಿಂದ. ಮಲೆನಾಡಿನ ಹಳೆಯ ಬೇಟೆಗಾರರು ಮರಸು ಕೂರುವ ಮರವನ್ನು ಆರಿಸುವಾಗ ನೋಡುತ್ತಿದ್ದದ್ದೂ ಇದೇ ಗಾಳಿಯನ್ನು.

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಆರಂಭದವರೆಗೆ ಬೆದೆಗಾಲ. ಕೊಳಲಿನಂತೆ ಶುರುವಾಗಿ ಕೀರಲಾಗಿ ಏರಿ ಗೊರಗುಟ್ಟುತ್ತ ಮುಗಿಯುವ ಗಂಡಿನ ಕೂಗು ಆಗ ಕಣಿವೆಗಳಲ್ಲಿ ಕೇಳಿಸುತ್ತದೆ, ಪ್ರಾಣಿ ಎಲ್ಲಿದೆಯೆಂದು ಅದೇ ಹೇಳಿಬಿಡುತ್ತದೆ. ಆದರೆ ಆ ತಿಂಗಳು ಕೊಲರಾಡೊದಲ್ಲಿ ಹೆಚ್ಚಾಗಿ ಬಿಲ್ಲು ಮತ್ತು ಹಳೆಯ ಮಾದರಿಯ ಮದ್ದುಕೋವಿಯವರದ್ದು. ಮಧ್ಯಾಹ್ನದ ಬಿಸಿಲು 20 ಡಿಗ್ರಿ ದಾಟುವ ಆ ದಿನಗಳಲ್ಲಿ ಮಾಂಸ ಉಳಿಸಿಕೊಳ್ಳುವುದು ಕಷ್ಟ. ನವೆಂಬರ್‌ನಲ್ಲಿ ಮಾಂಸಕ್ಕೆ ಹೆದರಿಕೆಯಿಲ್ಲ, ಮನುಷ್ಯನಿಗಿದೆ. ಮೊದಲ ಸಲ ಹೋಗುವವರಿಗೆ ಅಕ್ಟೋಬರ್ ಕೊನೆ ಒಳ್ಳೆಯ ನಡುದಾರಿ ಎಂದು ನಾನು ಹೇಳುತ್ತೇನೆ.

ದೇಹದ ಸಿದ್ಧತೆಗೆ ಕನಿಷ್ಠ ನಾಲ್ಕು ತಿಂಗಳು ಬೇಕು. ಎಲ್ಕ್ ನಾಡು ಸಾಮಾನ್ಯವಾಗಿ 2,400ರಿಂದ 3,400 ಮೀಟರ್ ಎತ್ತರದ್ದು. 3,000 ಮೀಟರಿನಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಸುಮಾರು 70 ಪ್ರತಿಶತ ಮಾತ್ರ, ಅಂದರೆ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ. ಇದನ್ನು ಬಯಲುಸೀಮೆಯ ಜಿಮ್‌ನಲ್ಲಿ ಅಭ್ಯಾಸ ಮಾಡಲಾಗದು. ಮಾಡಬಹುದಾದದ್ದು ಕಾಲು ಮತ್ತು ಬೆನ್ನನ್ನು ಹೊರೆಗೆ ಒಗ್ಗಿಸುವುದು. ಬೇಟೆಗೆ ಒಯ್ಯುವ ಅದೇ ಬೆನ್ನುಚೀಲವನ್ನು ಹೊತ್ತು, ಅದೇ ಬೂಟು ತೊಟ್ಟು ಮೊದಲು ಎಂಟು ಕಿಲೋದಿಂದ ಶುರುಮಾಡಿ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತ 25 ಕಿಲೋಗೆ ಬರಬೇಕು. ಬಹುಮಹಡಿ ಕಟ್ಟಡದ ಮೆಟ್ಟಿಲು ಸಾಕು. ಹತ್ತುವಾಗ ನೋಯುವುದು ಉಸಿರು, ಇಳಿಯುವಾಗ ಮಂಡಿ. ಇಳಿಯುವ ಅಭ್ಯಾಸವನ್ನೇ ಎಲ್ಲರೂ ಮರೆಯುತ್ತಾರೆ. ಬೇಟೆಗೆ ಎರಡು ಮೂರು ದಿನ ಮುಂಚೆಯೇ ತಲುಪಿ ಎತ್ತರಕ್ಕೆ ಹೊಂದಿಕೊಳ್ಳುವುದು, ನೀರು ಕುಡಿಯುವುದು, ಮದ್ಯ ಬಿಡುವುದು ಕ್ಷೇಮ. ತಲೆನೋವು, ವಾಕರಿಕೆ ಬಂದರೆ ಮೇಲೆ ಹತ್ತುವುದನ್ನು ನಿಲ್ಲಿಸಬೇಕು. ಹೆಜ್ಜೆ ತಪ್ಪುವುದು, ಗೊಂದಲದ ಮಾತು, ಕೂತಲ್ಲೂ ಏದುಸಿರು ಕಂಡರೆ ಕತ್ತಲಾಗಿದ್ದರೂ ಕೆಳಕ್ಕೆ ಇಳಿಯಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಸಾಮಾನಿನ ವಿಷಯದಲ್ಲಿ ದುಡ್ಡು ಮೊದಲು ಹೋಗಬೇಕಾದದ್ದು ಬೂಟು ಮತ್ತು ಮಾಂಸ ಹೊರಬಲ್ಲ ಚೌಕಟ್ಟಿನ ಬೆನ್ನುಚೀಲಕ್ಕೆ, ಆಮೇಲೆ ಬೈನಾಕ್ಯುಲರ್‌ಗೆ, ಕೊನೆಗೆ ಬಂದೂಕಿಗೆ. ಬೆವರಿನಿಂದ ಒದ್ದೆಯಾದ ಹತ್ತಿಬಟ್ಟೆ ಬೇಗ ಒಣಗದೆ ಮೈಯ ಶಾಖವನ್ನು ಹೀರುವುದರಿಂದ ಒಳಗಿನ ಪದರ ಉಣ್ಣೆಯದಿರಬೇಕು. ಕುಟುಂಬದವರಿಗೆ ಸಂದೇಶ ಕಳುಹಿಸಲು, ಕಷ್ಟಕ್ಕೆ ಸಿಲುಕಿದಾಗ ರಕ್ಷಣಾ ತಂಡವನ್ನು ಕರೆಯಲು ಉಪಗ್ರಹ ಸಂದೇಶ ಸಾಧನ ಬೇಕು. ರೈಫಲ್ ಬೇಟೆಯವರು ಎದ್ದುಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆಯನ್ನು ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲ ಧರಿಸಿ, ಸುತ್ತಲಿಂದಲೂ ಕಾಣುವ ಅದೇ ಬಣ್ಣದ ಟೋಪಿ ಹಾಕಿಕೊಳ್ಳುವುದು ಕೊಲರಾಡೊದ ಕಾನೂನು. ಎಲ್ಕ್‌ಗೆ ಈ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ.

ಬಂದೂಕಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕನಿಷ್ಠ 0.24 ಕ್ಯಾಲಿಬರ್, 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಕದ ಗುಂಡು ಎಂಬ ನಿಯಮ ಬಹುಪಾಲು ಸಾಮಾನ್ಯ ರೈಫಲ್‌ಗಳಿಗೆ ಸುಲಭದ ಮಾತು. ಎಲ್ಕ್‌ಗೆ ಇನ್ನೂ ದೊಡ್ಡದನ್ನೇ ಹೆಚ್ಚಿನವರು ಆರಿಸುತ್ತಾರೆ. ಮುಖ್ಯವಾದದ್ದು ಅಭ್ಯಾಸದ ಬಗೆ. ರೇಂಜಿನ ಬೆಂಚಿನ ಮೇಲೆ ಕೂತು ಹೊಡೆದ ಗುರಿ ಬೆಟ್ಟದಲ್ಲಿ ಕೆಲಸಕ್ಕೆ ಬಾರದು. ಮಂಡಿಯೂರಿ, ಕೂತು, ಕೋಲಿಗೆ ಒರಗಿಸಿ, ಮೆಟ್ಟಿಲು ಓಡಿ ಏದುಸಿರು ಬಿಡುತ್ತ ಹೊಡೆದು ನೋಡಬೇಕು. ಹಾಗೆ ಹತ್ತಕ್ಕೆ ಹತ್ತೂ ಗುಂಡು ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳುವ ದೂರವೇ ತನ್ನ ಮಿತಿ ಎಂದು ಒಪ್ಪಿಕೊಳ್ಳಬೇಕು. ಮುಂಗಾಲಿನ ಹಿಂದಿನ ಹೃದಯ, ಶ್ವಾಸಕೋಶದ ಭಾಗವೇ ಗುರಿ. ಅನೇಕ ಘಟಕಗಳಲ್ಲಿ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲು, ಇಲ್ಲವೇ ಹುಬ್ಬಿನ ಮೇಲಿನ ಕವಲು ಐದು ಅಂಗುಲ ಉದ್ದವಿರಬೇಕೆಂಬ ನಿಯಮವಿರುವುದರಿಂದ ಬಂದೂಕಿನ ಕುದುರೆ ಎಳೆದ ಮೇಲೆ ಎಣಿಸುವಂತಿಲ್ಲ, ಮೊದಲೇ ಎಣಿಸಬೇಕು.

ಇನ್ನು ಹೊರೆಯ ಬಳಿಗೇ ಬರೋಣ. ಗುಂಡು ತಗುಲಿದ ಮೇಲೆ ಅರ್ಧ ಗಂಟೆ ಕಾಯುವುದು ರೂಢಿ. ತಕ್ಷಣ ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಇನ್ನೂ ದೂರ ಓಡುತ್ತದೆ. ಸತ್ತದ್ದು ಖಚಿತವಾದ ಮೇಲೆ ಲೈಸೆನ್ಸಿನ ಚೀಟಿಗೆ ದಿನಾಂಕ ಬರೆದು ಸಹಿ ಹಾಕಬೇಕು. ಆಮೇಲೆ ಹೊಟ್ಟೆ ಸೀಳದೆಯೇ ಮಾಂಸ ಬಿಡಿಸುವ ಪದ್ಧತಿ ಒಬ್ಬಿಬ್ಬರಿಗೆ ಹೇಳಿಮಾಡಿಸಿದ್ದು. ಪ್ರಾಣಿಯನ್ನು ಮಗ್ಗುಲಾಗಿಸಿ, ಬೆನ್ನುಮೂಳೆಯ ಗುಂಟ ಚರ್ಮವನ್ನು ಸೀಳಿ ಹೊಟ್ಟೆಯ ಕಡೆಗೆ ಸುಲಿಯುತ್ತ ಬಂದರೆ, ಸುಲಿದ ಚರ್ಮದ ಒಳಮೈಯೇ ಮಾಂಸವಿಡಲು ಹಾಸಿದ ಚಾಪೆಯಾಗುತ್ತದೆ. ಮುಂಗಾಲನ್ನು ಮೇಲೆತ್ತಿ ಕಂಕುಳಲ್ಲಿ ಚಾಕು ಆಡಿಸಿದರೆ ಸಾಕು. ಹೆಗಲೆಲುಬಿಗೂ ಎದೆಗೂಡಿಗೂ ಮೂಳೆಯ ಕೀಲಿಲ್ಲ, ಬರೀ ಸ್ನಾಯುವಿನ ಹಿಡಿತ, ಇಡೀ ಕಾಲು ಕಳಚಿ ಕೈಗೆ ಬರುತ್ತದೆ. ಹಿಂದೊಡೆಗೆ ಸೊಂಟದ ಗುಂಡುಕೀಲನ್ನು ಹುಡುಕಬೇಕು. ತೊಡೆಯನ್ನು ಹೊರಕ್ಕೆ ಬಗ್ಗಿಸಿದಾಗ ಕೀಲು ಬಾಯಿಬಿಡುತ್ತದೆ. ಒಳಗೆ ಎಲುಬುಗಳನ್ನು ಹಿಡಿದಿಟ್ಟ ಬಿಳಿಯ ತಂತುವೊಂದನ್ನು ಕತ್ತರಿಸಿದರೆ 30 ಕಿಲೋ ಆಸುಪಾಸಿನ ತೊಡೆ ಬೇರ್ಪಡುತ್ತದೆ. ಇಲ್ಲಿ ಗಂಡು, ಹೆಣ್ಣೆಂದು ತೋರಿಸುವ ಅಂಗವನ್ನು ಒಂದು ತೊಡೆಗೆ ಸಹಜವಾಗಿಯೇ ಅಂಟಿಕೊಂಡಿರುವಂತೆ ಬಿಡುವುದು ಕಾನೂನಿನ ಅಗತ್ಯ. ಬೆನ್ನುಮೂಳೆಯ ಗುಂಟ ಸೊಂಟದಿಂದ ಕತ್ತಿನವರೆಗಿರುವ ಉದ್ದನೆಯ ಪಟ್ಟಿಯನ್ನು ಬಿಡಿಸಿ, ಮಗ್ಗುಲು ಬದಲಿಸಿ ಇನ್ನೊಂದು ಕಡೆಯೂ ಹೀಗೇ ಮಾಡಿ, ಕೊನೆಯ ಪಕ್ಕೆಲುಬಿನ ಹಿಂದೆ ಕೈಹಾಕಿ ಒಳಬೆನ್ನಿನ ಮೆತ್ತನೆಯ ಮಾಂಸವನ್ನು ತೆಗೆಯಬೇಕು. ಮೊದಲ ಸಲ ಮಾಡುವವರಿಗೆ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ, ಬಹಳ ಸಲ ತಲೆದೀಪದ ಬೆಳಕಿನಲ್ಲಿ. ನಾಲ್ಕು ಕಾಲು, ಬೆನ್ನಿನ ಪಟ್ಟಿ, ಒಳಬೆನ್ನಿನ ಮಾಂಸ ಇವುಗಳನ್ನು ಕಾಡಿನಲ್ಲೇ ಬಿಟ್ಟುಬಂದರೆ ಶಿಕ್ಷೆಯಿದೆ, ಹಾಗಿರಬೇಕಾದದ್ದೇ ನ್ಯಾಯ.

ಮಾಂಸದ ಶತ್ರು ಶಾಖ. ದಪ್ಪ ತೊಡೆಯ ಒಳಗೆ ಮೂಳೆಯ ಸುತ್ತ ಬಿಸಿ ಗಂಟೆಗಟ್ಟಲೆ ಉಳಿದು, ಹೊರಗೆ ಚೆನ್ನಾಗಿ ಕಂಡರೂ ಒಳಗಿನಿಂದ ಹುಳಿಯತೊಡಗುತ್ತದೆ. ಬಿಸಿಲಿದ್ದರೆ ಮೂಳೆಯವರೆಗೆ ಸೀಳಿ ತೆರೆಯಬೇಕು. ಗಾಳಿಯಾಡುವ ಬಟ್ಟೆಚೀಲಗಳಲ್ಲಿ ತುಂಬಿ ನೆರಳಿನ ಕೊಂಬೆಗೆ ನೇತುಹಾಕಬೇಕೇ ಹೊರತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬಾರದು. ಕೊಲರಾಡೊದಲ್ಲಿ ಕಪ್ಪುಕರಡಿಗಳು, ವಯೋಮಿಂಗ್, ಮೊಂಟಾನಾಗಳಲ್ಲಿ ಗ್ರಿಜ್ಲಿ ಕರಡಿಗಳೂ ಇರುವುದರಿಂದ ನೇತುಹಾಕಿದ ಚೀಲಗಳು ಕಳೇಬರದಿಂದಲೂ ಡೇರೆಯಿಂದಲೂ ದೂರವಿರಲಿ, ಮರಳಿ ಬರುವಾಗ ದೂರದಿಂದಲೇ ಕಾಣುವಂತಿರಲಿ. ಗ್ರಿಜ್ಲಿ ನಾಡಿನಲ್ಲಿ ಮಾಂಸ ಬಿಡಿಸುವಾಗ ಕರಡಿ ಸ್ಪ್ರೇ ಕೈಗೆಟುಕುವ ಕಡೆ ಇಟ್ಟು, ಜೊತೆಗಾರನೊಬ್ಬ ಕಾವಲಿರುವುದು ವಾಡಿಕೆ. ಮೊದಲ ಹೊರೆಗೆ ಅತ್ಯಂತ ಭಾರದ್ದನ್ನು ಆರಿಸಬೇಕು. ಮೂರನೆಯ ಸಲ ಹತ್ತುವಾಗ ಈ ಮಾತಿನ ಬೆಲೆ ಕಾಲುಗಳಿಗೆ ತಿಳಿಯುತ್ತದೆ.

ಕೊಲರಾಡೊದಲ್ಲಿ ಎಲ್ಕ್ ಬೇಟೆಗೆ ಹೋದ ಐವರಲ್ಲಿ ಸುಮಾರು ಒಬ್ಬರು ಮಾತ್ರ ಮಾಂಸದೊಂದಿಗೆ ಮರಳುತ್ತಾರೆ. ಆ ಒಬ್ಬರಿಗೆ ರಸ್ತೆ ತಲುಪಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಜಿಂಕೆ ಜಾತಿಯ ಪ್ರಾಣಿಗಳ ಮೆದುಳನ್ನು ನಾಶಮಾಡುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ 1967ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಅದಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ. ಮನುಷ್ಯರಿಗೆ ತಗುಲಿದ ಖಚಿತ ಉದಾಹರಣೆಯಿಲ್ಲವಾದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬಾರದೆಂಬುದು ಅಲ್ಲಿನ ಆರೋಗ್ಯ ಸಂಸ್ಥೆಯಾದ ಸಿಡಿಸಿಯ ಸಲಹೆ. ಆದ್ದರಿಂದ ತಲೆಯನ್ನು ವನ್ಯಜೀವಿ ಇಲಾಖೆಯ ಕಚೇರಿಗೆ ಕೊಂಡೊಯ್ದು ಪರೀಕ್ಷೆಗೆ ಕೊಡಬೇಕು. ಮೆದುಳು, ಬೆನ್ನುಹುರಿಗಳನ್ನು ತಮ್ಮ ಗಡಿಯೊಳಗೆ ತರುವುದನ್ನು ಅನೇಕ ರಾಜ್ಯಗಳು ನಿಷೇಧಿಸಿರುವುದರಿಂದ, ಊರಿಗೆ ಹೊರಡುವ ವಾಹನದಲ್ಲಿ ಮೂಳೆ ಬಿಡಿಸಿದ ಮಾಂಸ ಮಾತ್ರ ಐಸ್ ತುಂಬಿದ ಪೆಟ್ಟಿಗೆಗಳಲ್ಲಿರಬೇಕು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಆ ಮಾಂಸವನ್ನು ಪ್ರತ್ಯೇಕವಾಗಿ ಗುರುತುಹಾಕಿ ಫ್ರೀಜರಿನಲ್ಲಿಟ್ಟು, ನೆಂಟರಿಗೂ ನೆರೆಯವರಿಗೂ ಹಂಚುವುದನ್ನು ಆಮೇಲಕ್ಕೆ ಇಟ್ಟುಕೊಳ್ಳಬೇಕು.